ಒಂದು ಹನಿಯೂ ಚೆಲ್ಲದಂತೆ

ಹದಿನೆಂಟು ತುಂಬಿದ ಕೂಡಲೇ ಮಕ್ಕಳು ದೊಡ್ಡವರಾಗಿಬಿಡುತ್ತಾರೆ ಎಂದು ಯಾರು ಕಂಡುಹಿಡಿದರೋ, ಅವರೊಮ್ಮೆ ನನ್ನ ಕೈಗೆ ಸಿಗಬೇಕು. ಹೊಸಪೇಟೆಯ ಬಿಸಿಲಿನಲ್ಲಿ ಚಿತ್ತವಾಡ್ಗಿಯಿಂದ ಸ್ಟೇಷನ್ ರಸ್ತೆಯವರೆಗೆ ಅವರನ್ನು ನಡೆಸಿಕೊಂಡು ಹೋಗಿ, ಬಾಡಿಗೆಗೆ ಎಂದು ಬೋರ್ಡು ಹಾಕಿದ ಒಂದೊಂದು ಮನೆಯ ಮುಂದೂ ನಿಲ್ಲಿಸಿ, ಒಳಗೆ ಹೋಗಿ ಕೇಳಿ ಬನ್ನಿ ಎನ್ನುತ್ತೇನೆ. ನಿನ್ನೆ ಸಂಜೆಯವರೆಗೆ ಗೇಟಿನ ಆಚೆ ಕಾಲಿಡಲು ಅಪ್ಪಣೆ ಕೇಳಬೇಕಿದ್ದ ಹುಡುಗಿಗೆ ಇವತ್ತು ಬೆಳಗ್ಗೆ ಒಂದು ಟ್ರಂಕು ಕೊಟ್ಟು, ಹೋಗು ತಾಯಿ, ನಿನ್ನ ಬದುಕು ನೀನು ನೋಡಿಕೋ ಎನ್ನುತ್ತಾರೆ. ಅವಳು ಏನನ್ನು ನೋಡಿಕೊಳ್ಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಹೇಳುವವರು ಮಾತ್ರ ಯಾರೂ ಇಲ್ಲ.

ಇಲ್ಲ ಎಂದೂ ಅನ್ನುವಂತಿಲ್ಲ. ನಾನಿದ್ದೇನಲ್ಲ.

ನಾನು ಸಂಡೂರಿನ ಹತ್ತಿರದ ದೋಣಿಮಲೈ ಗಣಿ ಟೌನ್‌ಶಿಪ್ಪಿನಲ್ಲಿ ನರ್ಸ್ ಆಗಿ ನಿವೃತ್ತಿಯಾದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನೂ ಬಿಟ್ಟಿದ್ದೇನೆ. ಸಂಡೂರಿನ ಗುಡ್ಡದ ಗಾಳಿ ಕುಡಿದವಳಿಗೆ ಹೊಸಪೇಟೆಯ ಸೆಖೆ ಒಗ್ಗುವುದಿಲ್ಲ ಎಂದು ಎಲ್ಲರೂ ಹೇಳಿದರೂ ಕೇಳದೆ ಇಲ್ಲಿಗೆ ಬಂದು ಸಣ್ಣ ಮನೆಯೊಂದನ್ನು ಕೊಂಡು ಕುಳಿತೆ. ಕುಳಿತವಳನ್ನು ನೋಡಿದರೆ ಜನಕ್ಕೆ ತಡೆಯುವುದಿಲ್ಲ. ಊರಿನ ಅಂಚಿನಲ್ಲಿ ಹೆಣ್ಣುಮಕ್ಕಳನ್ನು ಸಾಕುವ ಒಂದು ಮಕ್ಕಳ ಮನೆ ಇದೆ. ಹೊರಗೆ ಹೋಗುವ ಪ್ರತಿ ಹುಡುಗಿಗೂ ಊರಿನ ಒಬ್ಬ ದೊಡ್ಡವರನ್ನು ಜೊತೆ ಮಾಡಿಕೊಡುವುದು ಅಲ್ಲಿಯ ಪದ್ಧತಿ. ಆ ಮನೆಯ ಮೇಲ್ವಿಚಾರಕಿ ನನಗೆ ಮೊದಲಿನಿಂದ ಪರಿಚಯ. ಒಂದು ದಿನ ಬಂದು, “ಸಿಸ್ಟರ್, ಹೆಂಗೂ ಖಾಲಿ ಅದೀರಿ, ಒಂದು ಹುಡುಗಿಗೆ ದಾರಿ ತೋರಸ್ರಿ,” ಎಂದರು. ನಾನು ಹೂಂ ಎಂದೆ.

ನನಗೇ ದಾರಿ ಗೊತ್ತಿಲ್ಲ ಎನ್ನುವುದು ಆಮೇಲೆ ನೆನಪಾಯಿತು. ನೌಕರಿ ಮುಗಿಯುವವರೆಗೂ ಇದ್ದದ್ದು ಕ್ವಾರ್ಟರ್ಸಿನಲ್ಲಿ. ನಲ್ಲಿ ಸೋರಿದರೆ ಒಂದು ಫೋನ್, ಬಲ್ಬು ಹೋದರೆ ಒಂದು ಫೋನ್, ಸಂತೆಗೆ ಹೋಗಲು ಕಂಪನಿ ಬಸ್ಸು. ಹೊಸಪೇಟೆಗೆ ಬಂದ ಹೊಸತರಲ್ಲಿ ಗ್ಯಾಸ್ ಬುಕ್ ಮಾಡುವುದು ಹೇಗೆಂದು ಪಕ್ಕದ ಮನೆಯವರನ್ನು ಕೇಳಿದವಳು ನಾನು. ಬಾಡಿಗೆ ಮನೆ ಹುಡುಕುವುದು ಎಂದರೇನು ಎಂದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಆದರೆ ನಾನು ದೊಡ್ಡವಳು, ಹಾಗಾಗಿ ಗೊತ್ತಿರುವಂತೆ ಮುಖ ಮಾಡಿಕೊಂಡು ಮುಂದೆ ನಡೆಯಬೇಕಿತ್ತು.

ಹುಡುಗಿ ಕಡ್ಡಿಯಂತೆ ಇದ್ದಳು. ಅಗಲ ಹಣೆ, ಗಟ್ಟಿ ಕೈ. ಇನ್ನೂ ಮಾತು ಬಾರದ ವಯಸ್ಸಿನಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕವಳು. ಯಾರು ತಂದರು, ಯಾರು ಬಿಟ್ಟರು ಎನ್ನುವುದು ಕೊನೆಗೂ ತಿಳಿದಿಲ್ಲ. ಪಿಯುಸಿ ಮುಗಿಸಿದ್ದಳು. ಹಂಪಿ ರಸ್ತೆಯ ಒಂದು ಹೋಟೆಲ್ಲಿನ ಅಡುಗೆಮನೆಯಲ್ಲಿ ಅವಳಿಗೆ ಕೆಲಸವೂ ಸಿಕ್ಕಿತ್ತು. ಅದೇನೂ ಯಾರದೋ ಕರುಣೆಯಿಂದ ಸಿಕ್ಕಿದ್ದಲ್ಲ. ಅವಳ ಕೆಲಸ ನೋಡಲು ಕರೆದ ದಿನ ಪ್ರವಾಸಿಗಳ ಬಸ್ಸೊಂದು ಹೇಳದೆ ಕೇಳದೆ ಬಂದು ನಿಂತಿತ್ತಂತೆ. ಇವಳು ಚೂಡಿದಾರದ ವೇಲು ಸೊಂಟಕ್ಕೆ ಕಟ್ಟಿ ಒಳಗೆ ನುಗ್ಗಿ, ಎಲ್ಲರಿಗೂ ಸಾಕಾಗುವಷ್ಟು ಪಲಾವ್ ಇಳಿಸಿದಳಂತೆ. ಮ್ಯಾನೇಜರು ಒಂದನೇ ತಾರೀಖಿನಿಂದ ಬಾ ಎಂದ. ಆದರೆ ಉಳಿಯಲು ಜಾಗ ನೀನೇ ನೋಡಿಕೊಳ್ಳಬೇಕು ಎಂದ.

ಎಲ್ಲ ಸಿಕ್ಕಿಹಾಕಿಕೊಂಡದ್ದು ಅಲ್ಲಿ. ಆ ತಿಂಗಳು ಮುಗಿಯುವುದರೊಳಗೆ ಅವಳಿಗೆ ಊರಲ್ಲಿ ಒಂದು ರೂಮು ಸಿಗದಿದ್ದರೆ, ದೂರದ ಜಿಲ್ಲೆಯೊಂದರಲ್ಲಿ ಇಂಥ ಹುಡುಗಿಯರಿಗಾಗಿ ಇರುವ ಇನ್ನೊಂದು ವಸತಿಗೆ ಅವಳನ್ನು ಕಳಿಸುವುದು ಎಂದಾಗಿತ್ತು. ಸೂರು ಅಲ್ಲಿ, ಕೆಲಸ ಇಲ್ಲಿ. ತಾನಾಗಿ ಗಳಿಸಿಕೊಂಡ ಕೆಲಸ ಬಿಟ್ಟು ಮತ್ತೊಂದು ಗೇಟಿನ ಒಳಗೆ ಹೋಗಿ ಕೂರಬೇಕು. ಮೇಲ್ವಿಚಾರಕಿ ಕೆಟ್ಟವರಲ್ಲ, ಆದರೆ ಅವರ ಕೈಯಲ್ಲಿಯೂ ಇರಲಿಲ್ಲ. ದಿನಾ ಫೋನ್ ಮಾಡಿ, “ಏನಾತ್ರಿ ಸಿಸ್ಟರ್?” ಎಂದು ಕೇಳಿ ನನ್ನ ತಲೆ ತಿನ್ನುತ್ತಿದ್ದರು.

ನಿಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಊರೆಲ್ಲ ಕೇಳಿದೆ. ನಾನೂ ಅದನ್ನೇ ಕೇಳಿದ್ದೆ.

“ಬ್ಯಾಡ್ರಿ ಸಿಸ್ಟರ್,” ಎಂದಳು ಹುಡುಗಿ.

“ಯಾಕ? ನಮ್ಮನಿಗೇನಾಗೇತಿ?”

“ಮನಿ ಚಲೋ ಐತ್ರಿ. ನನಗ ಒಂದು ಬಾಗಲಾ ಬೇಕ್ರಿ. ಒಳಗಿಂದ ನಾನ ಚಿಲಕ ಹಾಕ್ಕೊಳ್ಳೋ ಬಾಗಲಾ.”

ಮಕ್ಕಳ ಮನೆಯಲ್ಲಿ ಬಾಗಿಲುಗಳಿಗೆ ಒಳಗೆ ಚಿಲಕ ಇರಲಿಲ್ಲ. ಯಾವ ಮಗುವೋ ಒಳಗೆ ಸೇರಿಕೊಂಡು ಏನೋ ಮಾಡಿಕೊಂಡರೆ ಎಂದು ತೆಗೆಸಿದ್ದರು. ಅದು ಸರಿಯಾದದ್ದೇ. ಆದರೆ ಹುಡುಗಿ ಬುದ್ಧಿ ಬಂದಾಗಿನಿಂದ ಸ್ನಾನ ಮಾಡಿದ್ದು ಆಚೆಯಿಂದ ಗೆಳತಿ ಬಾಗಿಲು ಹಿಡಿದು ನಿಂತಾಗ. ನಿದ್ದೆ ಮಾಡಿದ್ದು ಸಾಲು ಹಾಸಿಗೆಗಳ ನಡುವೆ. ನನ್ನ ಮನೆಯಲ್ಲಿ ಇದ್ದರೂ ಅವಳು ಇನ್ನೊಬ್ಬರ ಮನೆಯಲ್ಲೇ ಇದ್ದ ಹಾಗೆ. ನನಗೆ ಮೊದಲು ಅವಮಾನವಾಯಿತು, ಆಮೇಲೆ ಸಿಟ್ಟು ಬಂತು, ರಾತ್ರಿ ಊಟ ಮಾಡುವಾಗ ಅವಳು ಹೇಳಿದ್ದು ಸರಿ ಅನ್ನಿಸಿತು. ಆದರೂ ಮಾರನೆಯ ದಿನ ಮುಖ ಗಂಟು ಹಾಕಿಕೊಂಡೇ ಇದ್ದೆ.

ಒಂಟಿಯಾಗಿ ಬದುಕುವುದನ್ನು ಕಲಿಸಲು ಅವಳನ್ನು ದಿನಾ ನನ್ನ ಮನೆಗೆ ಕರೆಸಿಕೊಳ್ಳುತ್ತಿದ್ದೆ. ಕಲಿಸುವುದು ಎಂದರೆ ಏನು ಅಂದುಕೊಂಡಿರಿ? ಬ್ಯಾಂಕು, ಬಸ್ಸು, ಎಟಿಎಂ ಇವೆಲ್ಲ ಒಂದೇ ಸಲಕ್ಕೆ ಅವಳ ತಲೆಗೆ ಹೋದವು. ಹೋಗದೆ ಇದ್ದದ್ದು ಬೇರೆ. ನೀರು ಕುಡಿಯುವ ಮುಂಚೆ, “ಸಿಸ್ಟರ್, ನೀರು ಕುಡೀಲೇನ್ರಿ?” ಬಚ್ಚಲಿಗೆ ಹೋಗುವ ಮುಂಚೆ, “ಹೋಗಿ ಬರ್ಲೇನ್ರಿ?” ಫ್ಯಾನ್ ಹಾಕಲು, ಫ್ಯಾನ್ ಆರಿಸಲು, ಎಲ್ಲದಕ್ಕೂ ಅಪ್ಪಣೆ. ಒಂದು ದಿನ ರೋಸಿ ಹೋಗಿ, “ಉಸಿರಾಡಾಕೂ ನನ್ನ ಕೇಳ್ತಿಯೇನ ಲೇ?” ಎಂದೆ. “ಇಲ್ರಿ,” ಎಂದಳು.

ಸೋಪು ತರಲು ಹೋದದ್ದು ಇನ್ನೊಂದು ಕಥೆ. ಬಸ್‌ಸ್ಟ್ಯಾಂಡಿನ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಸೋಪು ಕೇಳಿದೆವು. “ಯಾವುದು ಬೇಕು ತಂಗಿ?” ಎಂದ ಅಂಗಡಿಯವ. ಅವಳು ನನ್ನ ಮುಖ ನೋಡಿದಳು.

“ನನ್ನ ಮುಖ ಯಾಕ ನೋಡ್ತಿ? ಮೈ ತೊಳಕೊಳ್ಳಾಕಿ ನೀನು,” ಎಂದೆ.

ಅವಳು ಒಂದೊಂದೇ ಸೋಪು ತೆಗೆದು ಮೂಸಿದಳು. ಕೆಂಪು, ಹಸಿರು, ಬಿಳಿ, ಮತ್ತೆ ಕೆಂಪು. ಹಿಂದೆ ಗಿರಾಕಿಗಳು ನಿಂತರು. ಬಿಸಿಲು, ಅದಿರು ಲಾರಿಗಳ ಕೆಂಪು ಧೂಳು, ನನ್ನ ಮೊಣಕಾಲು ನೋವು. ಜಲ್ದಿ ಮಾಡು ಎಂದು ಗದರಿದೆ. ಕೊನೆಗೆ ಒಂದನ್ನು ಎತ್ತಿ ಹಿಡಿದು ಅಂಗಡಿಯವನನ್ನು ಕೇಳಿದಳು, “ಅಣ್ಣಾರ, ಅರ್ಧ ಕೊಡ್ತೀರೇನ್ರಿ?”

ಮಕ್ಕಳ ಮನೆಯಲ್ಲಿ ಸೋಪನ್ನು ಅರ್ಧ ಮಾಡಿ ಒಬ್ಬೊಬ್ಬರಿಗೆ ಒಂದು ತುಂಡು ಕೊಡುತ್ತಿದ್ದರಂತೆ. ಇಡೀ ಸೋಪು ಒಬ್ಬರಿಗೇ ಎನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ. ಅಂಗಡಿಯವ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಿತು ಎಂದು ಕೇಳಿದರೆ ಹೇಳಲಾರೆ. ನಕ್ಕವನ ಮೇಲೆ ಸಿಟ್ಟು ತೀರಿಸಿಕೊಂಡು ಮನೆಗೆ ಬಂದೆ.

ಅಡುಗೆಯದಂತೂ ಹೇಳಬಾರದು. ನಾನು ಪಿಂಚಣಿ ವಿಚಾರಕ್ಕೆ ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ, ಸಿಸ್ಟರ್‌ಗೆ ಖುಷಿಯಾಗಲಿ ಎಂದು ಉಪ್ಪಿಟ್ಟು ಮಾಡಿ ಇಟ್ಟಿದ್ದಳು. ನನ್ನ ಮನೆಯಲ್ಲಿ ಇದ್ದ ಅತಿ ದೊಡ್ಡ ಪಾತ್ರೆ ತುಂಬಿ, ಉಳಿದದ್ದು ಬಕೆಟ್ಟಿನಲ್ಲಿತ್ತು. ಇಡೀ ತಿಂಗಳ ರವೆ ಮುಗಿದಿತ್ತು. “ಒಬ್ಬರಿಗೆ ಎಷ್ಟು ಹಾಕೋದು ಗೊತ್ತಾಗಂಗಿಲ್ರಿ. ಎಲ್ಲಾರಿಗೂ ಅಂದ್ರ ಕಣ್ಣು ಮುಚ್ಚಿ ಹಾಕ್ತೀನಿ,” ಎಂದಳು. ಅವತ್ತು ನಮ್ಮ ಓಣಿಯ ಯಾರ ಮನೆಯಲ್ಲೂ ಒಲೆ ಹಚ್ಚಲಿಲ್ಲ. ಮಸ್ತ್ ಉಪ್ಪಿಟ್ಟು ಎಂದು ಇವತ್ತಿಗೂ ನೆನೆಯುತ್ತಾರೆ.

ನಾನು ಗಟ್ಟಿಯಾಗಿ ಹಿಡಿದು ಕಲಿಸಿದ್ದು ಒಂದೇ ಪಾಠ. ಯಾರೇ ಬಂದು ಬಾಗಿಲು ಬಡಿದರೂ ಮೊದಲು ಯಾರು ಎಂದು ಕೇಳು, ನಾನು ಎಂದರೆ ಸಾಲದು, ನಾನು ಅಂದರೆ ಯಾರು ಎಂದು ಕೇಳು, ಗುರುತು ಸಿಕ್ಕ ಮೇಲಷ್ಟೇ ತೆಗೆ. ನನ್ನ ಮನೆಯ ಬಾಗಿಲಲ್ಲೇ ಇದನ್ನು ಆಡಿಸಿ ಆಡಿಸಿ ಅವಳ ಬಾಯಿಗೆ ಬರುವಂತೆ ಮಾಡಿದೆ.

ಆದರೆ ಬಾಗಿಲು ಎಲ್ಲಿ? ಹೊಸಪೇಟೆಯಲ್ಲಿ ಖಾಲಿ ರೂಮುಗಳಿಗೆ ಬರವಿಲ್ಲ. ತೋರಣಗಲ್ಲಿನ ಫ್ಯಾಕ್ಟರಿಗೆ ಹೋಗಿ ಬರುವವರು, ಹಂಪಿ ಕಡೆಯ ಹೋಟೆಲ್ಲಿನವರು, ಎಲ್ಲರೂ ಇಲ್ಲಿ ರೂಮು ಮಾಡುತ್ತಾರೆ. ನಾವು ಹೋದ ಕಡೆಯೆಲ್ಲ ಮೊದಲು ನಗುತ್ತಲೇ ಕರೆದರು. ಬರ್ರಿ, ಕುಂದ್ರಿ, ನೀರು ಕುಡೀರಿ. ಎಷ್ಟು ಮಂದಿ ಇರ್ತೀರಿ, ಏನು ಕೆಲಸ, ಮನೆಯಲ್ಲಿ ಮಾಂಸ ಮಾಡ್ತೀರೇನು, ಇಷ್ಟೆಲ್ಲ ಕೇಳಿ ಮುಗಿಸಿ, ಲೋಟ ಕೆಳಗಿಡುವ ಹೊತ್ತಿಗೆ ಆ ಪ್ರಶ್ನೆ ಬರುತ್ತಿತ್ತು.

“ಅಂದಂಗ, ಯಾರ ಪೈಕಿ ನೀವು?”

ಜಾತಿ ಯಾವುದು ಎಂದು ಬಾಯಿಬಿಟ್ಟು ಕೇಳಲು ನಾಚಿಕೆ. ಪೈಕಿ ಎಂದರೆ ಮರ್ಯಾದೆಯಾಗಿ ಕೇಳಿದಂತೆ. ಹುಡುಗಿ ಕೈ ಹಿಂದೆ ಕಟ್ಟಿ, ಶಾಲೆಯಲ್ಲಿ ಸಾಹೇಬರ ಮುಂದೆ ನಿಂತವಳ ಹಾಗೆ ನಿಂತು, “ಗೊತ್ತಿಲ್ರಿ,” ಎನ್ನುತ್ತಿದ್ದಳು.

“ಗೊತ್ತಿಲ್ಲ ಅಂದ್ರ?”

“ನನಗ ಯಾರೂ ಹೇಳಿಲ್ರಿ.”

ಅಲ್ಲಿಗೆ ಮುಗಿಯಿತು. ಒಂದು ಮನೆಯಲ್ಲಿ ಯಜಮಾನರು, “ನಮ್ಮದೇನೂ ಇಲ್ರಿ ಸಿಸ್ಟರ್, ನಮ್ಮಾಕಿ ಒಪ್ಪಂಗಿಲ್ಲ,” ಎಂದರು. ಮುಂದಿನ ಓಣಿಯಲ್ಲಿ ಯಜಮಾನಿ, “ನಂದೇನೂ ಇಲ್ರಿ, ನಮ್ಮನಿಯವರು ಕೇಳಂಗಿಲ್ಲ,” ಎಂದಳು. ಈ ಊರಿನ ಗಂಡಂದಿರೆಲ್ಲ ಹೆಂಡಂದಿರ ಹಿಂದೆ, ಹೆಂಡಂದಿರೆಲ್ಲ ಗಂಡಂದಿರ ಹಿಂದೆ ಅಡಗಿ ಕೂತಿದ್ದಾರೆ. ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದ ಒಬ್ಬ ಹುಡುಗ, ಅವನಾದರೂ ಕೊಡುತ್ತಾನೆ ಎಂದುಕೊಂಡೆ. “ನಾನು ಜಾತಿ ಗೀತಿ ನೋಡಂಗಿಲ್ಲ ಆಂಟಿ. ಆದ್ರ ಸಿಂಗಲ್ ಹುಡುಗಿ ಅಂದ್ರ ರಿಸ್ಕ್,” ಎಂದ. ಹಲ್ಲು ಕಡಿದು ಹೊರಗೆ ಬಂದೆ.

ನನ್ನ ಸಿಟ್ಟೆಲ್ಲ ಕೊನೆಗೆ ತಿರುಗಿದ್ದು ಹುಡುಗಿಯ ಕಡೆಗೆ. ದಾರಿಯಲ್ಲಿ ನಿಲ್ಲಿಸಿ ಹೇಳಿದೆ, “ನೋಡು, ಏನಾರ ಒಂದು ಹೇಳು. ಗೊತ್ತಿಲ್ಲ ಅನಬ್ಯಾಡ. ನನ್ನ ಅಕ್ಕನ ಮಗಳು ಅನ್ನು.”

“ಅದು ಸುಳ್ಳಾಗತೈತ್ರಲ್ಲ.”

“ಆಗ್ಲಿ.”

“ಆಮ್ಯಾಲೆ ನಿಮ್ಮಕ್ಕಾರು ಬಂದ್ರ?”

“ನನಗ ಅಕ್ಕನ ಇಲ್ಲ.”

“ಹಂಗಾದ್ರ ಎಲ್ಡು ಸುಳ್ಳಾತ್ರಿ,” ಎಂದಳು.

ಮಕ್ಕಳ ಮನೆಯವರು ಸೋಪು ಆರಿಸುವುದನ್ನು ಕಲಿಸಲಿಲ್ಲ, ಸುಳ್ಳು ಹೇಳಬಾರದು ಎನ್ನುವುದನ್ನು ಮಾತ್ರ ಅರೆದು ಕುಡಿಸಿ ಕಳಿಸಿದ್ದರು. ಬೇರೆ ಯಾವ ಊರಿನಲ್ಲಾದರೂ ಇದು ಒಳ್ಳೆಯ ಗುಣ. ಮನೆ ಹುಡುಕುವವರಿಗೆ ಇದರಷ್ಟು ತೊಂದರೆ ಇನ್ನೊಂದಿಲ್ಲ.

ತಿಂಗಳು ಮುಗಿಯುತ್ತ ಬಂತು. ಮಂಗಳವಾರ ಬೆಳಗ್ಗೆ ಬಸ್ಸಿಗೆ ಕಳಿಸುವುದು ಎಂದು ಮೇಲ್ವಿಚಾರಕಿ ತಿಳಿಸಿದರು. ಹೋಟೆಲ್ಲಿಗೆ ಬರುವುದಿಲ್ಲ ಎಂದು ಹೇಳಿಬಿಡಲೇ ಎಂದು ಹುಡುಗಿ ಒಮ್ಮೆ ಕೇಳಿದಳು. ಅವಳ ದನಿ ಯಾವತ್ತಿನಂತೆಯೇ ಇತ್ತು, ಆದರೆ ಅವತ್ತು ನೀರು ಕುಡಿಯಲೇ ಎಂದು ಅವಳು ಕೇಳಲಿಲ್ಲ, ಕುಡಿಯಲೂ ಇಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಇನ್ನೊಂದು ಸಲ ನೋಡೋಣ ನಡೆ ಎಂದು ಕರೆದುಕೊಂಡು ಹೊರಟೆ.

ಕಾಲುವೆಯ ಹತ್ತಿರ ಒಂದು ಮನೆಯ ಮಹಡಿಯ ಮೇಲೆ ಒಂಟಿ ರೂಮು ಇತ್ತು. ಕೆಳಗೆ ಮನೆಯವರು. ಯಜಮಾನರದು ಮೋಟಾರು ರಿಪೇರಿ ಅಂಗಡಿ. ಯಜಮಾನಿ ನನ್ನ ವಾರಿಗೆಯವಳು, ಹಣೆಯ ತುಂಬ ವಿಭೂತಿ, ಓಣಿಗೆಲ್ಲ ಕೇಳುವ ದನಿ. ಕಬ್ಬಿಣದ ಮೆಟ್ಟಿಲು ಹತ್ತಿ ರೂಮು ತೋರಿಸಿದಳು. ನಾನು ನಲ್ಲಿ ತಿರುಗಿಸಿದೆ, ಕಿಟಕಿ ತೆಗೆದೆ. ಹುಡುಗಿ ನಲ್ಲಿಯನ್ನೂ ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ. ಸೀದಾ ಬಾಗಿಲ ಹತ್ತಿರ ಹೋಗಿ ಒಳಗಿನ ಚಿಲಕವನ್ನು ಒಮ್ಮೆ ಹಾಕಿ ತೆಗೆದಳು. ದಪ್ಪ ಕಬ್ಬಿಣದ ಚಿಲಕ, ಸ್ವಲ್ಪ ತುಕ್ಕು ಹಿಡಿದಿತ್ತು.

“ಯಾರ ಪೈಕಿ ತಂಗಿ?” ಎಂದಳು ಯಜಮಾನಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ, “ಗೊತ್ತಿಲ್ರಿ ಅಕ್ಕಾರ,” ಎಂದಳು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಡಲು ಸಿದ್ಧಳಾದೆ.

ಯಜಮಾನಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಗೊತ್ತಿಲ್ಲ ಅಂತ ಹೇಳಿದಾಕಿ ನೀನ ಮದಲು. ಬಂದವ್ರೆಲ್ಲ ಏನಾರ ಒಂದು ಹೇಳ್ತಾರ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಏನು ಮಾಡಬೇಕು ನನಗೂ ತಿಳೀವಲ್ದ್ರಿ. ಹಿಂಗ ಮಾಡೂಣು. ಸೋಮವಾರ ಬಂದು ಹಾಲು ಉಕ್ಕಸ್ರಿ. ಚಂದಾಗಿ ಉಕ್ಕಿದ್ರ ರೂಮು ಈಕೀದು. ಇಲ್ಲಂದ್ರ ಶಿವನ ಮನಸ್ಸಿನ್ಯಾಗ ಇಲ್ಲ ಅಂತ ತಿಳಕೊಳ್ಳೂಣು,” ಎಂದಳು.

ಹೊಸ ಮನೆಗೆ ಕಾಲಿಟ್ಟವರು ಹಾಲು ಉಕ್ಕಿಸುವುದು ಎಲ್ಲ ಕಡೆ ಇದ್ದದ್ದೇ. ಅದನ್ನು ಪರೀಕ್ಷೆಯ ಹಾಗೆ ಇಟ್ಟವರನ್ನು ನಾನು ಕಂಡಿರಲಿಲ್ಲ. ಆದರೆ ಮನಸ್ಸಿನಲ್ಲೇ ನಕ್ಕೆ. ಒಲೆಯ ಮೇಲೆ ಇಟ್ಟ ಹಾಲು ಉಕ್ಕದೆ ಇನ್ನೇನು ಹಾಡು ಹೇಳುತ್ತದೆಯೇ? ಇಷ್ಟು ದಿನಕ್ಕೆ ಒಂದು ಸುಲಭದ ಪರೀಕ್ಷೆ ಸಿಕ್ಕಿತು ಎಂದು ಖುಷಿಯಾಗಿ ಗಟ್ಟಿ ಹಾಲಿನ ಪಾಕೀಟು ತಂದೆ, ಹೊಸ ಸ್ಟೀಲಿನ ಪಾತ್ರೆ ತಂದೆ. ಸೋಮವಾರ ಬೆಳಗ್ಗೆ ಹುಡುಗಿ ತಲೆ ಬಾಚಿಕೊಂಡು, ಮಕ್ಕಳ ಮನೆಯವರು ಕೊಟ್ಟ ಹಸಿರು ಚೂಡಿದಾರ ಹಾಕಿಕೊಂಡು ಬಂದಳು. “ಏನು ಮಾಡೋದು ಗೊತ್ತೈತಲ್ಲ?” ಎಂದೆ. “ಹಾಲು ಕಾಸೋದಲ್ಲೇನ್ರಿ? ದಿನಾ ನಾನ ಕಾಸ್ತಿದ್ದೆ,” ಎಂದಳು.

ಮಹಡಿಯ ರೂಮಿನಲ್ಲಿ ಯಜಮಾನಿ, ಅವಳ ಸೊಸೆ, ಮತ್ತು ಯಜಮಾನರ ಅಕ್ಕ ಕೂತಿದ್ದರು. ಆ ಅಕ್ಕ ಕಂಪ್ಲಿಯವಳು, ಶಾಸ್ತ್ರ ಸಂಪ್ರದಾಯದಲ್ಲಿ ಅವಳದೇ ಕೊನೆಯ ಮಾತು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಪೂರ್ವಕ್ಕೆ ಮುಖ ಮಾಡಿ ಸಣ್ಣ ಗ್ಯಾಸ್ ಒಲೆ ಇಟ್ಟಿದ್ದರು. ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ ಹಾಲು ಹಾಕಿದರು. ಹುಡುಗಿ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು. ಕೈಯಲ್ಲಿ ಇಕ್ಕಳ. ಬೇರೆಯವರ ಮನೆಯಲ್ಲಿ ಅವಳು ಅಷ್ಟು ನಿರಾಳವಾಗಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹಾಲಿನ ಮೇಲೆ ಕೆನೆ ಕಟ್ಟಿತು, ಕೆನೆ ನಡುಗಿತು, ಅಂಚಿನಲ್ಲಿ ನೊರೆ ಏಳತೊಡಗಿತು. ಯಜಮಾನಿ ಕೈ ಮುಗಿದು ಕಣ್ಣು ಮುಚ್ಚಿದಳು. ಹಾಲು ಮೇಲೆ ಬಂತು, ಕಂಠದವರೆಗೆ ಬಂತು. ಇನ್ನೇನು ಉಕ್ಕಿತು ಅನ್ನುವಷ್ಟರಲ್ಲಿ ಹುಡುಗಿಯ ಕೈ ಮಿಂಚಿದ ಹಾಗಾಯಿತು. ಪಾತ್ರೆ ನೆಲದ ಮೇಲಿತ್ತು. ಒಲೆ ಆರಿತ್ತು. ಹಾಲು ಸುಮ್ಮನೆ ಕೆಳಗಿಳಿಯಿತು.

ಅವಳು ಮುಖ ಎತ್ತಿ ನನ್ನನ್ನು ನೋಡಿದಳು. ಮೊದಲ ಸಲಕ್ಕೇ ಮಗುವಿನ ರಕ್ತನಾಳ ಸಿಕ್ಕಾಗ ಹೊಸ ನರ್ಸುಗಳು ನೋಡುತ್ತಾರಲ್ಲ, ಹಾಗೆ. “ಒಂದ್ ಹನಿನೂ ಚೆಲ್ಲಿಲ್ರಿ,” ಎಂದಳು.

ಯಜಮಾನಿ ಕಣ್ಣು ತೆರೆದು ಪಾತ್ರೆಯನ್ನು ನೋಡಿದಳು, ಒಲೆಯನ್ನು ನೋಡಿದಳು. ಕಂಪ್ಲಿಯ ಅಕ್ಕ ಸೆರಗು ಸರಿ ಮಾಡಿಕೊಂಡು, “ಬಿಡು. ಹಾಲು ಉಕ್ಕಲಿಲ್ಲ. ಏಳ್ರಿ ಎಲ್ಲಾರೂ,” ಎಂದಳು.

ಗೃಹಪ್ರವೇಶ ಎಂದರೇನು, ಹಾಲು ಯಾಕೆ ಉಕ್ಕಬೇಕು, ಇದನ್ನು ಯಾರಾದರೂ ಯಾರಿಗಾದರೂ ಹೇಳಿಕೊಡುತ್ತಾರೆಯೇ? ಅವ್ವನ ಸೆರಗು ಹಿಡಿದು ಊರ ಮನೆಗಳಿಗೆಲ್ಲ ಹೋದ ಮಕ್ಕಳಿಗೆ ಅದು ತಾನಾಗಿ ಗೊತ್ತಿರುತ್ತದೆ. ಇವಳು ಯಾರ ಸೆರಗು ಹಿಡಿದು ಎಲ್ಲಿಗೆ ಹೋಗಿದ್ದಳು? ಇಷ್ಟು ದಿನದ ಅಲೆದಾಟ, ಒಂದು ಕೆಲಸ, ಒಂದು ಬಾಗಿಲು, ಎಲ್ಲ ಇಕ್ಕಳದ ತುದಿಯಲ್ಲಿ ಹೋಯಿತಲ್ಲ. “ಯಾಕ ಇಳಿಸಿದಿ? ಉಕ್ಕಸ್ಬೇಕು ಅಂತ ಹೇಳಿದ್ರಲ್ಲ, ಕಿವಿ ಕೇಳಂಗಿಲ್ಲೇನು?” ಎಂದು ಎಲ್ಲರ ಮುಂದೆಯೇ ಕೂಗಿದೆ.

ಅವಳ ಮುಖ ಸಣ್ಣದಾಯಿತು. “ಅಂಚಿನತನಕ ಬಂದ್ರ ಉಕ್ಕಿದಂಗ ಅಂದ್ಕೊಂಡೆ ಸಿಸ್ಟರ್. ಹೊರಗ ಚೆಲ್ಲಬಾರದಲ್ರಿ. ಚೆಲ್ಲಿದ್ರ ಸಣ್ಣ ಹುಡುಗ್ಯಾರಿಗೆ ಕಮ್ಮಿ ಬೀಳತೈತಿ. ಯಾರು ಚೆಲ್ಲಿರ್ತಾರ, ಅವ್ರು ಅವತ್ತು ಹಾಲು ಕುಡೀಬಾರದು. ನಾ ಹಾಲು ಕಾಸಾಕ ಹತ್ತಿದ ಮ್ಯಾಲೆ ಒಂದಿನಾನೂ ಚೆಲ್ಲಿಲ್ರಿ.”

ಹೊರಗೆ ಲಾರಿಯೊಂದು ಹೋಯಿತು. ಯಜಮಾನಿ ತನ್ನ ಸೊಸೆಯ ಕಡೆ ತಿರುಗಿದಳು. ಸೊಸೆ ಮೊಬೈಲನ್ನು ಮಡಿಲಿಗೆ ಹಾಕಿಕೊಂಡಳು.

“ಕೇಳಿದಿಯೇನ? ಒಂದಿನಾನೂ ಚೆಲ್ಲಿಲ್ಲಂತ,” ಎಂದಳು ಯಜಮಾನಿ. “ಈಕಿ ಫೋನ್ ನೋಡ್ಕೋತ ದಿನಾ ಹಾಲು ಉಕ್ಕಿಸ್ತಾಳ. ನಮ್ಮ ಒಲಿ ಮ್ಯಾಲೆ ದಿನಾ ಉಕ್ಕೇತಿ. ನಮಗೇನು ಬಂತು ಅದರಿಂದ?” ಆಮೇಲೆ ಹುಡುಗಿಗೆ, “ಮತ್ತ ಇಡು ತಂಗಿ. ಈ ಸಲ ಕೈ ಹಚ್ಚಬ್ಯಾಡ,” ಎಂದಳು.

“ಒಮ್ಮೆ ಇಳಿಸಿದ್ದನ್ನ ಮತ್ತ ಇಡಬಾರದು,” ಎಂದಳು ಕಂಪ್ಲಿಯ ಅಕ್ಕ.

“ಇರ್ಲಿ ಬಿಡ್ರಿ. ಮನಿ ನಂದು,” ಎಂದಳು ಯಜಮಾನಿ. ಅವಳ ದೊಡ್ಡ ದನಿ ಆಗ ಸಣ್ಣದಾಗಿತ್ತು. ಅಕ್ಕ ಮುಖ ತಿರುಗಿಸಿದಳು, ಆದರೆ ಎದ್ದು ಹೋಗಲಿಲ್ಲ.

ಮತ್ತೆ ಒಲೆ ಹೊತ್ತಿತು. ಬಿಸಿಯಿದ್ದ ಹಾಲಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನೊರೆ ಎದ್ದದ್ದೇ ಹುಡುಗಿಯ ಕೈ ಮತ್ತೆ ಮುಂದೆ ಹೋಯಿತು. ಅವಳು ಬೇಕೆಂದು ಮಾಡಲಿಲ್ಲ, ಕೈ ತಾನಾಗಿ ಹೋಯಿತು. ನಾನು ಮೊಣಕಾಲು ನೋವು ಮರೆತು ಅವಳ ಹಿಂದೆ ದೊಪ್ಪೆಂದು ಕೂತು ಎರಡೂ ಮಣಿಕಟ್ಟು ಹಿಡಿದುಕೊಂಡೆ. ಸೂಜಿ ಚುಚ್ಚುವಾಗ ನಾನು ಹಿಡಿದ ಮಕ್ಕಳ ಕೈಗಳಿಗೆ ಲೆಕ್ಕವಿಲ್ಲ. ಇಷ್ಟು ಬಲವಾಗಿ ಎಳೆದುಕೊಂಡ ಕೈ ಇನ್ನೊಂದು ನೆನಪಿಲ್ಲ.

“ಹೋತ್ರಿ, ಹೋತ್ರಿ ಸಿಸ್ಟರ್. ಬಿಡ್ರಿ,” ಎಂದಳು.

“ಹೋಗ್ಲಿ ಬಿಡು. ಇದು ನಿಂದು. ಯಾರಿಗೂ ಕಮ್ಮಿ ಬೀಳಂಗಿಲ್ಲ.”

ಹಾಲು ಉಕ್ಕಿತು. ಪಾತ್ರೆಯ ಕುಂಕುಮ ತೊಳೆದುಕೊಂಡು ಸುತ್ತಲೂ ಸುರಿಯಿತು, ಒಲೆ ಚುಂಯ್ ಎಂದು ಆರಿತು, ಸೀದ ಹಾಲಿನ ವಾಸನೆ ರೂಮು ತುಂಬಿತು. ಹುಡುಗಿ ಅಳುತ್ತಿದ್ದಳು. ಯಾಕೆ ಅಳುತ್ತೀ ಎಂದು ಬೈದೆ. ಆ ಕೈಗಳನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

“ಪೂರ್ವಕ್ಕ ಉಕ್ಕೇತಿ,” ಎಂದಳು ಕಂಪ್ಲಿಯ ಅಕ್ಕ, ಯಾರೂ ಕೇಳದಿದ್ದರೂ.

“ನಾಕೂ ಕಡಿಗೆ ಉಕ್ಕೇತಿ,” ಎಂದು ಯಜಮಾನಿ ನಕ್ಕಳು. ಹುಡುಗಿ ಆಗಲೇ ಬಟ್ಟೆ ಹುಡುಕುತ್ತಿದ್ದಳು, ಒರೆಸಲು. ಉಳಿದ ಹಾಲಿಗೆ ಸಕ್ಕರೆ ಹಾಕಿ ಲೋಟಗಳಿಗೆ ಹಂಚು ಎಂದರು. ಅವಳು ಎಲ್ಲರಿಗೂ ಒಂದೇ ಸಮ ಹಾಕಿ ಪಾತ್ರೆ ಬೋರಲು ಹಾಕಿದಳು. ತನಗೆ ಇಟ್ಟುಕೊಂಡಿರಲಿಲ್ಲ. “ನಿಂದೆಲ್ಲಿ?” ಎಂದಳು ಯಜಮಾನಿ. “ಚೆಲ್ಲಿದಾಕಿ ನಾನ ಅಲ್ಲೇನ್ರಿ?” ಎಂದಳು. ಯಜಮಾನಿ ತನ್ನ ಲೋಟದ ಹಾಲನ್ನೇ ಅವಳ ಕೈಗೆ ಕೊಟ್ಟು, ಮುಗಿಯುವವರೆಗೂ ಎದುರಿಗೆ ನಿಂತು ಕುಡಿಸಿದಳು.

ಎಲ್ಲರೂ ಕೆಳಗೆ ಹೋದ ಮೇಲೆ ನಾನು ಇನ್ನೊಮ್ಮೆ ಪಾಠ ಹೇಳಿದೆ. ಗ್ಯಾಸ್ ಆರಿಸು, ನಲ್ಲಿ ಬಂದ್ ಮಾಡು, ಒಬ್ಬಳಿಗೆ ಒಂದು ಹಿಡಿ ಅಕ್ಕಿ ಸಾಕು, ಓಣಿಗೆಲ್ಲ ಉಪ್ಪಿಟ್ಟು ಮಾಡಬೇಡ. ಮೇಲ್ವಿಚಾರಕಿಗೆ ಫೋನ್ ಮಾಡಿ, ಬಸ್ಸು ಬೇಡ ಎಂದು ಹೇಳಿದೆ. ಹುಡುಗಿ ಎಲ್ಲದಕ್ಕೂ ಹೂಂ ಹೂಂ ಎಂದಳು, ಕಣ್ಣು ಮಾತ್ರ ಬಾಗಿಲ ಮೇಲಿತ್ತು. ನಾನು ಹೋಗುವುದನ್ನೇ ಕಾಯುತ್ತಿದ್ದಾಳೆ ಎಂದು ತಿಳಿಯಿತು. ಇಷ್ಟು ಒದ್ದಾಡಿದವಳಿಗೆ ಇದೇ ಬಹುಮಾನ ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿದೆ.

ನಾಲ್ಕು ಮೆಟ್ಟಿಲು ಇಳಿದಿರಲಿಲ್ಲ, ಹಿಂದೆ ಚಿಲಕ ಬಿತ್ತು. ಮತ್ತೆ ತೆಗೆದ ಸದ್ದು. ಮತ್ತೆ ಹಾಕಿದ ಸದ್ದು. ಸಣ್ಣ ಮಗುವಿಗೆ ಗಿಲಕಿ ಸಿಕ್ಕ ಹಾಗೆ ಅದನ್ನೇ ಆಡುತ್ತಿದ್ದಳು. ತುಕ್ಕು ಹಿಡಿದದ್ದು, ಎಣ್ಣೆ ಬಿಡಲು ಹೇಳಬೇಕಿತ್ತು ಎಂದುಕೊಂಡು ಇಳಿಯುವಾಗ ಮೆಟ್ಟಿಲು ಮಂಜಾಗಿ ಕಂಡಿತು. ನೋಡಿದರೆ ಕನ್ನಡಕ ಒಳಗೇ ಬಿಟ್ಟು ಬಂದಿದ್ದೆ. ಹಾಲಿನ ಗಲಾಟೆಯಲ್ಲಿ ಕಿಟಕಿಯ ಮೇಲೆ ಇಟ್ಟವಳು ನಾನೇ. ಇಳಿದ ಮೆಟ್ಟಿಲುಗಳನ್ನೇ ಬೈದುಕೊಂಡು ಮತ್ತೆ ಹತ್ತಿದೆ, ಬಾಗಿಲು ಬಡಿದೆ.

“ಯಾರು?” ಎಂದಿತು ಒಳಗಿನ ದನಿ.

“ನಾನು.”

“ನಾನು ಅಂದ್ರ ಯಾರ್ರಿ?”

ಕಲಿಸಿದ್ದು ನಾನೇ, ಅನುಭವಿಸಬೇಕಾದವಳೂ ನಾನೇ. “ಸಿಸ್ಟರ್ ಲೇ. ಕನ್ನಡಕ ಬಿಟ್ಟೀನಿ, ತಗಿ,” ಎಂದೆ.

ಬಾಗಿಲು ತೆರೆಯಲಿಲ್ಲ. ಒಳಗೆ ಅವಳು ನಗು ತಡೆಯುತ್ತಿದ್ದಾಳೆ ಎಂದು ನನಗೆ ಹೊರಗಿನಿಂದಲೇ ಗೊತ್ತಾಯಿತು. ಅವಳು ನಕ್ಕದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.

“ಯಾರ ಪೈಕಿ ನೀವು?” ಎಂದಳು.

ಕೆಳಗೆ ಯಜಮಾನಿ ತಲೆ ಎತ್ತಿ ನೋಡುತ್ತಿದ್ದಳು. ಬಿಸಿಲು ನೆತ್ತಿಗೆ ಬಂದಿತ್ತು. ಮೊಣಕಾಲು ಸಿಡಿಯುತ್ತಿತ್ತು.

“ನಿನ್ನ ಪೈಕಿ,” ಎಂದೆ. “ಮದಲ ಬಾಗಲಾ ತಗಿ.”

ಚಿಲಕ ಸರಿಯುವ ಸದ್ದು ಬಂತು. ಅವಳಿಗೇನೂ ಅವಸರವಿರಲಿಲ್ಲ.